ಕ್ರೂಸ್ ಕಂಟ್ರೋಲ್: ಸಾದಾ ಸಾಕಾ, ರಾಡಾರ್ ಇರೋದೇ ಬೇಕಾ?

ಹೋದ ತಿಂಗಳು ದಾವಣಗೆರೆಯಿಂದ ಭಾವ ಫೋನ್ ಮಾಡಿದ್ದರು. ಹೊಸ ಕಾರು ತಗೊಳ್ಳುವ ಯೋಚನೆಯಲ್ಲಿದ್ದರು. ಶೋರೂಮಿನ ಹುಡುಗ ಒಂದೇ ಕಾರಿನ ಎರಡು ಮಾಡೆಲ್ ತೋರಿಸಿದ್ದ. "ಎರಡ್ರಾಗೂ ಕ್ರೂಸ್ ಐತೆ ಅಂತಾನಪ್ಪ. ಮತ್ತೆ ಒಂದಕ್ಕೆ ಲಕ್ಷದ ಮ್ಯಾಲೆ ಜಾಸ್ತಿ ಯಾಕೆ?" ಅಂತ ಕೇಳಿದರು.

ಕೇಳಿದ್ದು ಸರಿಯಾಗಿಯೇ ಇತ್ತು. "ಕ್ರೂಸ್ ಇದೆ ಸಾರ್" ಅನ್ನುವ ಒಂದೇ ಮಾತಿನಲ್ಲಿ ಈಗ ಮೂರು ನಾಲ್ಕು ಬೇರೆ ಬೇರೆ ಸಾಮಾನು ಮಾರುತ್ತಾರೆ. ಹೆಸರು ಹತ್ತಿರ ಹತ್ತಿರ, ಕೆಲಸ ಬೇರೆ ಬೇರೆ. ಅವತ್ತು ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಗೊಂದಲ ಆದಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಆಕ್ಸಿಲರೇಟರ್ ಯಾರ ಹತ್ತಿರ ಇದೆ, ಬ್ರೇಕ್ ಯಾರ ಹತ್ತಿರ ಇದೆ?

ಸ್ಪೀಡ್ ಲಿಮಿಟರ್ ಆದರೆ ಎರಡೂ ನಿಮ್ಮ ಹತ್ತಿರವೇ. ನೀವು ಹೇಳಿದ ವೇಗ ದಾಟದಂತೆ ಕಾರು ತಡೆಯುತ್ತದೆ, ಅಷ್ಟೇ. ಸಾದಾ ಕ್ರೂಸ್ ಆದರೆ ಆಕ್ಸಿಲರೇಟರ್ ಕಾರಿನದು, ಬ್ರೇಕ್ ನಿಮ್ಮದು. ನೀವು ಸೆಟ್ ಮಾಡಿದ ವೇಗವನ್ನು ಪೆಡಲ್‌ನಿಂದ ಕಾಲು ತೆಗೆದರೂ ಕಾರೇ ಹಿಡಿದುಕೊಂಡು ಹೋಗುತ್ತದೆ. ರಾಡಾರ್ ಅಥವಾ ಕ್ಯಾಮೆರಾದಿಂದ ಮುಂದಿನ ಗಾಡಿ ನೋಡುವ ಅಡಾಪ್ಟಿವ್ ಕ್ರೂಸ್ ಆದರೆ ಎರಡನ್ನೂ ಕಾರೇ ನೋಡಿಕೊಳ್ಳುತ್ತದೆ, ಆದರೆ ತಪ್ಪಾದರೆ ಹೊಣೆ ನಿಮ್ಮದೇ. ದುಡ್ಡಿನ ವ್ಯತ್ಯಾಸವೆಲ್ಲ ಇರುವುದು ಆ ಬ್ರೇಕ್ ವಿಷಯದಲ್ಲಿ.

ಸಾದಾ ಕ್ರೂಸ್ ಹೇಗೆ ಕೆಲಸ ಮಾಡುತ್ತದೆ

ಇದರ ಹಿಂದಿರುವ ಉಪಾಯ ತುಂಬಾ ಹಳೆಯದು. 1788ರಲ್ಲಿ ಜೇಮ್ಸ್ ವಾಟ್ ತನ್ನ ಹಬೆ ಎಂಜಿನ್ನಿಗೆ ತಿರುಗುವ ಎರಡು ಗುಂಡುಗಳ ಗವರ್ನರ್ ಜೋಡಿಸಿದ್ದ. ಎಂಜಿನ್ ಜೋರಾದರೆ ಗುಂಡುಗಳು ಅಗಲವಾಗಿ ಹರಡಿ ಹಬೆಯನ್ನು ಕಡಿಮೆ ಮಾಡುತ್ತಿದ್ದವು. ನಿಧಾನವಾದರೆ ಒಳಗೆ ಬಂದು ಹಬೆ ಜಾಸ್ತಿ ಬಿಡುತ್ತಿದ್ದವು. ಕಾರಿಗೆ ಇದನ್ನು ತಂದವರು ಅಮೆರಿಕದ ರಾಲ್ಫ್ ಟೀಟರ್. ಐದನೇ ವಯಸ್ಸಿನಲ್ಲೇ ಕಣ್ಣು ಕಳೆದುಕೊಂಡ ಎಂಜಿನಿಯರ್. ಅವರ ವಕೀಲರು ಕಾರು ಓಡಿಸುತ್ತಾ ಮಾತಾಡುವಾಗ ವೇಗ ಒಮ್ಮೆ ಏರಿ ಒಮ್ಮೆ ಇಳಿದು ಜರ್ಕ್ ಹೊಡೆಯುತ್ತಿತ್ತಂತೆ. ಅದರಿಂದ ಬೇಸತ್ತು ಈ ಕೆಲಸಕ್ಕೆ ಇಳಿದರು ಅಂತ ಕಥೆ ಹೇಳುತ್ತಾರೆ. 1950ರಲ್ಲಿ ಪೇಟೆಂಟ್ ಸಿಕ್ಕಿತು. 1958ರ ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರಿನಲ್ಲಿ ಮೊದಲು ಬಂತು. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು ನೋಡಿ, ಡ್ರೈವರಿನ ಕಾಲು ಎಷ್ಟು ಆಡುತ್ತದೆ ಅಂತ ಟೀಟರ್‌ಗೆ ಯಾಕೆ ಗೊತ್ತಾಯಿತು ಅನ್ನುವುದು ನಿಮಗೂ ಗೊತ್ತಾಗುತ್ತದೆ.

ಈಗಿನ ಕಾರಿನಲ್ಲಿ ಗುಂಡುಗಳಿಲ್ಲ, ಕೇಬಲ್ಲೂ ಇಲ್ಲ. ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್‌ಗಾಗಿ ಚಕ್ರಗಳಲ್ಲಿ ಕೂರಿಸಿದ ಸೆನ್ಸರ್‌ಗಳು ವೇಗವನ್ನು ಸದಾ ತಿಳಿಸುತ್ತಿರುತ್ತವೆ. ಆಕ್ಸಿಲರೇಟರ್ ಪೆಡಲ್ ಕೂಡ ಬರೀ ಒಂದು ಎಲೆಕ್ಟ್ರಿಕ್ ಸ್ವಿಚ್ಚಿನ ಹಾಗೆ. ಎಂಜಿನ್ನಿಗೆ ಎಷ್ಟು ಗಾಳಿ, ಎಷ್ಟು ಇಂಧನ ಅನ್ನುವುದನ್ನು ಇಸಿಯು ಅನ್ನುವ ಕಂಪ್ಯೂಟರ್ ತೀರ್ಮಾನಿಸುತ್ತದೆ. ಹೀಗಾಗಿ ಸಾದಾ ಕ್ರೂಸ್ ಕೊಡಲು ಕಂಪನಿಗೆ ಬೇಕಾಗುವುದು ಹೆಚ್ಚುಕಡಿಮೆ ಸ್ಟೇರಿಂಗ್ ಮೇಲೆ ನಾಲ್ಕು ಬಟನ್ ಮತ್ತು ಸ್ವಲ್ಪ ಸಾಫ್ಟ್‌ವೇರ್. ಅದಕ್ಕೇ ಅದು ಈಗ ಸಣ್ಣ ಕಾರುಗಳಲ್ಲೂ ಸಿಗುತ್ತಿದೆ.

ಕಂಪ್ಯೂಟರ್ ಲೆಕ್ಕ ಹಾಕುವ ರೀತಿ ಒಲೆ ಮೇಲೆ ಹಾಲಿಟ್ಟವರು ಉರಿ ನೋಡಿಕೊಳ್ಳುವ ಹಾಗೆಯೇ ಇದೆ. ಹಾಲು ಈಗ ಎಷ್ಟು ಬಿಸಿಯಾಗಿದೆ ಅಂತ ನೋಡುತ್ತಾರೆ. ಆಗಲೇ ಎಷ್ಟು ಹೊತ್ತಿನಿಂದ ಕಾಯದೇ ಕೂತಿದೆ ಅಂತಲೂ ನೆನಪಿರುತ್ತದೆ. ಅಂಚಿನಲ್ಲಿ ನೊರೆ ಏಳುವ ಜೋರು ನೋಡಿ, ಉಕ್ಕುವ ಮೊದಲೇ ಉರಿ ಸಣ್ಣ ಮಾಡುತ್ತಾರೆ. ಕ್ರೂಸ್ ಕೂಡ ಈ ಮೂರನ್ನೇ ನೋಡುತ್ತದೆ. ಹೇಳಿದ ವೇಗಕ್ಕೂ ಈಗಿನ ವೇಗಕ್ಕೂ ಎಷ್ಟು ವ್ಯತ್ಯಾಸ, ಆ ವ್ಯತ್ಯಾಸ ಎಷ್ಟು ಹೊತ್ತಿನಿಂದ ಇದೆ, ಈಗ ಅದು ಹೆಚ್ಚುತ್ತಿದೆಯಾ ಇಳಿಯುತ್ತಿದೆಯಾ. ಫ್ಲೈಓವರ್ ಏರುವಾಗ ವೇಗ 90ರಿಂದ 88ಕ್ಕೆ ಬಿದ್ದು, ಮತ್ತೆ ಮೆತ್ತಗೆ 90ಕ್ಕೆ ಬಂದು ನಿಂತರೆ ಈ ಲೆಕ್ಕ ಚೆನ್ನಾಗಿದೆ ಅಂತ ಅರ್ಥ. ಏರಿನಲ್ಲಿ ಗೊರಗೊರ ಅಂತ ಎಂಜಿನ್ ಕೂಗಿಸಿ 93ಕ್ಕೆ ಹೋಗಿ ಬಂದರೆ ಕಂಪನಿ ಕೆಲಸ ಅರೆಬರೆ ಮಾಡಿದೆ. ಟೆಸ್ಟ್ ಡ್ರೈವ್‌ನಲ್ಲಿ ಇದೊಂದನ್ನು ನೋಡಿಬಿಡಿ.

ಬ್ರೇಕ್ ಮೇಲೆ ಕಾಲಿಟ್ಟರೆ ಸಾಕು, ಎಲ್ಲ ಬಿಟ್ಟುಕೊಡುತ್ತದೆ. ಮ್ಯಾನ್ಯುಯಲ್ ಕಾರಿನಲ್ಲಿ ಸಾಮಾನ್ಯವಾಗಿ ಕ್ಲಚ್ ಒತ್ತಿದರೂ ಅಷ್ಟೇ. ಸುಮಾರು 30–40 ಕಿಲೋಮೀಟರ್ ವೇಗಕ್ಕಿಂತ ಕೆಳಗೆ ಅದು ಶುರುವೇ ಆಗುವುದಿಲ್ಲ.

ಒಂದು ಕೊರತೆ ಇದೆ. ಇಳಿಜಾರಿನಲ್ಲಿ ಸಾದಾ ಕ್ರೂಸ್ ಆಕ್ಸಿಲರೇಟರ್ ಪೂರ್ತಿ ಬಿಡಬಹುದೇ ಹೊರತು ಬಹಳಷ್ಟು ಕಾರುಗಳಲ್ಲಿ ಬ್ರೇಕ್ ಮುಟ್ಟುವುದಿಲ್ಲ. 80ಕ್ಕೆ ಇಟ್ಟಿದ್ದರೂ ಕಾರು 90 ದಾಟಬಹುದು. ಎಲೆಕ್ಟ್ರಿಕ್ ಕಾರಿನಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಮೋಟರೇ ಜನರೇಟರ್ ಆಗಿ ಕಾರಿನ ವೇಗ ಹಿಡಿಯುತ್ತದೆ, ಬ್ಯಾಟರಿಗೂ ಚೂರು ಚಾರ್ಜ್ ಬರುತ್ತದೆ. ಏನೇ ಆಗಲಿ, ಶಿರಾಡಿ ಘಾಟಿಯಲ್ಲಿ ಕ್ರೂಸ್ ಹಾಕುವ ಕೆಲಸ ಬೇಡ. ತಿರುವು, ಲಾರಿ, ಮಂಜು, ಮಳೆ ಎಲ್ಲ ಒಟ್ಟಿಗಿರುವ ಜಾಗ ಅದು.

ಎಲ್ಲಿ ಇದರ ಸುಖ

ತುಮಕೂರು ದಾಟಿ ಶಿರಾ, ಹಿರಿಯೂರು, ಚಿತ್ರದುರ್ಗ ಅಂತ ಹೋಗುವ ರಸ್ತೆ ಇದೆಯಲ್ಲ, ಬೆಳಗ್ಗೆ ಆರಕ್ಕೆ ಅಲ್ಲಿ ಇದ್ದರೆ ಸಾದಾ ಕ್ರೂಸ್ ಬೆಲೆ ಗೊತ್ತಾಗುತ್ತದೆ. ಬಲಗಾಲಿಗೆ ರೆಸ್ಟು. ದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ಮೊದಲೆಲ್ಲ ನನ್ನ ಪಾದ ಮರಗಟ್ಟಿರುತ್ತಿತ್ತು. ಈಗ ಇಲ್ಲ. ಬಲಗಾಲು ಬ್ರೇಕ್ ಹತ್ತಿರವೇ ಇರಬೇಕು, ಮಡಚಿಕೊಂಡು ಕೂರಬಾರದು, ಅದು ಬೇರೆ ಮಾತು.

ಇನ್ನೊಂದು ಲಾಭ ಕ್ಯಾಮೆರಾದ್ದು. ಮಧ್ಯೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ 2018ರ ಕೇಂದ್ರದ ಅಧಿಸೂಚನೆ ಪ್ರಕಾರ ಮಿತಿ 100. ಕೆಲವೆಡೆ ಬೋರ್ಡಿನಲ್ಲಿ ಇನ್ನೂ ಕಡಿಮೆ ಇರುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಾತಾಡುತ್ತಾ ಮಾತಾಡುತ್ತಾ 115 ಆಗಿರುವುದು ಗೊತ್ತೇ ಆಗುವುದಿಲ್ಲ. ಆಮೇಲೆ ಫೋನಿಗೆ ದಂಡದ ಮೆಸೇಜು. 95ಕ್ಕೆ ಕ್ರೂಸ್ ಇಟ್ಟರೆ ಆ ತಲೆನೋವಿಲ್ಲ. ಆ ರಸ್ತೆಯ ಮುಖ್ಯ ಪಥಗಳಿಗೆ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್ ಬಿಡುತ್ತಿಲ್ಲ. ನಮ್ಮಲ್ಲಿ ಕ್ರೂಸ್‌ಗೆ ಹೇಳಿ ಮಾಡಿಸಿದಂಥ ರಸ್ತೆ ಯಾವುದಾದರೂ ಇದ್ದರೆ ಅದೇ.

ಮೈಲೇಜ್ ವಿಷಯದಲ್ಲಿ ಶೋರೂಮಿನವರು ಸ್ವಲ್ಪ ಜಾಸ್ತಿಯೇ ಹೇಳುತ್ತಾರೆ. ಸಮತಟ್ಟು ರಸ್ತೆಯಲ್ಲಿ ವೇಗ ಏರಿಳಿಯದೆ ಹೋದರೆ ಇಂಧನ ಉಳಿಯುವುದು ನಿಜ. ಏರು ರಸ್ತೆಯಲ್ಲಿ ಉಲ್ಟಾ. ಅನುಭವ ಇರುವ ಡ್ರೈವರ್ ಏರಿನಲ್ಲಿ ಐದಾರು ಕಿಲೋಮೀಟರ್ ವೇಗ ಬಿಟ್ಟುಕೊಡುತ್ತಾನೆ, ಕ್ರೂಸ್ ಬಿಡುವುದಿಲ್ಲ, ಎಂಜಿನ್ ಮೇಲೆ ಹತ್ತಿ ಕೂರುತ್ತದೆ. ನಿಜವಾದ ಉಳಿತಾಯ ಇರುವುದು ಯಾವ ಅಂಕಿಗೆ ಸೆಟ್ ಮಾಡುತ್ತೀರಿ ಅನ್ನುವುದರಲ್ಲಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ಆ ತಡೆ ಒಂದೂವರೆ ಪಟ್ಟು ದಾಟುತ್ತದೆ.

ಅಂದಹಾಗೆ, ಕ್ರೂಸ್ ಹಿಡಿಯುವುದು ಕಾರು ತೋರಿಸುವ ವೇಗವನ್ನು. ಸ್ಪೀಡೋಮೀಟರುಗಳು ಸಾಮಾನ್ಯವಾಗಿ ಇದ್ದುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುತ್ತವೆ. ನನ್ನ ಕಾರಿನಲ್ಲಿ 100 ಅಂದಾಗ ಫೋನಿನ ಜಿಪಿಎಸ್‌ನಲ್ಲಿ 96 ಇರುತ್ತದೆ.

ಯಾರೂ ಕೇಳದ ಲಿಮಿಟರ್

ಹಳದಿ ಬೋರ್ಡ್ ಟ್ಯಾಕ್ಸಿಯಲ್ಲಿ ಏರ್‌ಪೋರ್ಟ್ ರಸ್ತೆಗೆ ಹೋದವರಿಗೆ ಇದು ಗೊತ್ತು. ಡ್ರೈವರ್ ಎಷ್ಟು ಒತ್ತಿದರೂ 80 ದಾಟುವುದಿಲ್ಲ. ಅದು ಕಾನೂನು ಪ್ರಕಾರ ಕೂರಿಸಿದ, ಬಿಚ್ಚಲಾಗದ ಗವರ್ನರ್. ಸ್ವಂತ ಕಾರಿನ ಸ್ಪೀಡ್ ಲಿಮಿಟರ್ ಅದರ ಸಾಧು ತಮ್ಮ. ಎಷ್ಟಕ್ಕೆ ಬೇಕೋ ನೀವೇ ಇಟ್ಟುಕೊಳ್ಳಬಹುದು, ಅವಸರ ಬಿದ್ದರೆ ಪೆಡಲ್ ಪೂರ್ತಿ ತುಳಿದು ದಾಟಲೂಬಹುದು. 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಕಡ್ಡಾಯವಾದ ಟಣ್ ಟಣ್ ಸದ್ದು ಬೇರೆ. ಅದು 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಹೊಡೆದುಕೊಳ್ಳುತ್ತದೆ. ಆದರೆ ತಡೆಯುವುದಿಲ್ಲ.

ಊರೊಳಗೆ, ರಿಂಗ್ ರೋಡಿನಲ್ಲಿ, ಕ್ಯಾಮೆರಾ ಇರುವ ಕಡೆ ಕ್ರೂಸ್‌ಗಿಂತ ಇದೇ ವಾಸಿ. ಟ್ರಾಫಿಕ್‌ನಲ್ಲಿ ನಿಮ್ಮ ಕಾಲು ಹೇಗೂ ಪೆಡಲ್ ಮೇಲೇ ಇರುತ್ತದೆ, ಮರೆವು ಮಾತ್ರ ಕಾರು ನೋಡಿಕೊಳ್ಳುತ್ತದೆ. ಹೊಸದಾಗಿ ಲೈಸೆನ್ಸ್ ತಗೊಂಡ ಮಗನೋ ಮಗಳೋ ಮನೆಯಲ್ಲಿದ್ದರೆ ನಾನು ಮೊದಲು ಕೇಳುವುದೇ ಇದನ್ನ. ಬೇಜಾರೆಂದರೆ ಬ್ರೋಷರಿನಲ್ಲಿ ಇದರ ಹೆಸರು ಸಣ್ಣ ಅಕ್ಷರದಲ್ಲಿ ಎಲ್ಲೋ ಮೂಲೆಯಲ್ಲಿರುತ್ತದೆ. ಯುರೋಪಿನಲ್ಲಿ 2024ರ ಜುಲೈಯಿಂದ ಹೊಸ ಕಾರುಗಳಿಗೆ ರಸ್ತೆಯ ಮಿತಿಯನ್ನು ತಾನೇ ಗುರುತಿಸಿ ಎಚ್ಚರಿಸುವ ವ್ಯವಸ್ಥೆ ಕಡ್ಡಾಯ ಮಾಡಿದ್ದಾರೆ. ನಮ್ಮಲ್ಲಿ ಬೋರ್ಡ್ ಮುಂದೆ ಮರ ಬೆಳೆದಿರುತ್ತದೆ, ಅದಿರಲಿ.

ಅಡಾಪ್ಟಿವ್: ಲಕ್ಷ ರೂಪಾಯಿ ಎಲ್ಲಿ ಹೋಗುತ್ತದೆ

ಮುಂದೆ ಯಾರಿದ್ದಾರೆ ಅಂತ ಸಾದಾ ಕ್ರೂಸ್‌ಗೆ ಗೊತ್ತಿಲ್ಲ. ಅಡಾಪ್ಟಿವ್‌ಗೆ ಗೊತ್ತು. ಕಾರಿನ ಮೂತಿಯಲ್ಲಿ ಒಂದು ರಾಡಾರ್, ಇಲ್ಲವೇ ಗಾಜಿನ ಮೇಲ್ಭಾಗದಲ್ಲಿ ಕ್ಯಾಮೆರಾ, ಎಷ್ಟೋ ಕಾರುಗಳಲ್ಲಿ ಎರಡೂ ಇರುತ್ತವೆ. ರಾಡಾರ್ ಬಿಡುವುದು 77 ಗಿಗಾಹರ್ಟ್ಸ್‌ನ ಅಲೆ. ಅದರ ಉದ್ದ ಸುಮಾರು 4 ಮಿಲಿಮೀಟರ್, ಒಂದು ಬಿಳಿಜೋಳದ ಕಾಳಿನಷ್ಟು. ಮುಂದಿನ ಗಾಡಿಗೆ ಬಡಿದು ವಾಪಸ್ ಬರುವ ಅಲೆಯಿಂದ ದೂರ ಗೊತ್ತಾಗುತ್ತದೆ. ಅಲೆಯಲ್ಲಾದ ಬದಲಾವಣೆಯಿಂದ ಆ ಗಾಡಿ ಹತ್ತಿರ ಬರುತ್ತಿದೆಯಾ, ದೂರ ಹೋಗುತ್ತಿದೆಯಾ, ಎಷ್ಟು ಜೋರಾಗಿ ಅನ್ನುವುದೂ ಗೊತ್ತಾಗುತ್ತದೆ. ಮುಂದೆ ಖಾಲಿ ಇದ್ದರೆ ಸಾದಾ ಕ್ರೂಸ್‌ನಂತೆ ಹೋಗುತ್ತದೆ. ಯಾರಾದರೂ ಸಿಕ್ಕರೆ ನಿಧಾನ ಮಾಡಿ ಅವರ ಹಿಂದೆ ಹೋಗುತ್ತದೆ.

ಜಪಾನಿನಲ್ಲಿ 1995ರಲ್ಲಿ ಮಿತ್ಸುಬಿಷಿ ಡಯಾಮಾಂಟೆಗೆ ಲೇಸರ್‌ನಿಂದ ದೂರ ಅಳೆಯುವ ಕ್ರೂಸ್ ಬಂತು. ಅದಕ್ಕೆ ಬ್ರೇಕ್ ಹಾಕಲು ಬರುತ್ತಿರಲಿಲ್ಲ, ಆಕ್ಸಿಲರೇಟರ್ ಬಿಟ್ಟು ಗೇರ್ ಇಳಿಸುತ್ತಿತ್ತು. 1999ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸ್ ರಾಡಾರ್ ಹಿಡಿದು ಬ್ರೇಕನ್ನೂ ಹಾಕಿತು. ನಮ್ಮಲ್ಲಿ ಇದನ್ನು ಮಧ್ಯಮ ವರ್ಗದ ಮನೆಮಾತು ಮಾಡಿದ್ದು 2021ರಲ್ಲಿ ಬಂದ ಮಹೀಂದ್ರಾ ಎಕ್ಸ್‌ಯುವಿ700 ಅನ್ನಬಹುದು. ಅದಾದ ಮೇಲೆ ಹೋಂಡಾ ಸಿಟಿ, ಹ್ಯುಂಡೈ ವರ್ನಾ, ಕಿಯಾ ಸೆಲ್ಟೋಸ್, ಟಾಟಾ ಹ್ಯಾರಿಯರ್ ಅಂತ ಸಾಲಾಗಿ ಬಂದವು. ಅಡಾಸ್ (ಡ್ರೈವರಿಗೆ ನೆರವಾಗುವ ವ್ಯವಸ್ಥೆಗಳು) ಅನ್ನುವ ಹೆಸರಿನ ಮೂಟೆಯಲ್ಲಿ ಲೇನ್ ಹಿಡಿಯುವುದು, ತಾನೇ ಬ್ರೇಕ್ ಹಾಕುವುದು ಇವೆಲ್ಲದರ ಜೊತೆ ಇದೂ ಇರುತ್ತದೆ. ಎಲ್ಲ ಅಡಾಸ್ ಕಾರಿನಲ್ಲೂ ಅಡಾಪ್ಟಿವ್ ಕ್ರೂಸ್ ಇರುತ್ತದೆ ಅಂದುಕೊಳ್ಳಬೇಡಿ, ಹೆಸರು ಹಿಡಿದೇ ಕೇಳಿ.

ಮುಂದಿನ ಗಾಡಿಗೆ ಎಷ್ಟು ದೂರ ಅನ್ನುವುದನ್ನು ಮೀಟರಿನಲ್ಲಲ್ಲ, ಸೆಕೆಂಡಿನಲ್ಲಿ ಇಡುತ್ತಾರೆ. 100ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಎರಡು ಸೆಕೆಂಡ್ ಅಂತರ ಅಂದರೆ 56 ಮೀಟರ್, ನಮ್ಮ ಸಾರಿಗೆ ಬಸ್ಸುಗಳನ್ನು ಉದ್ದಕ್ಕೆ ನಾಲ್ಕೂವರೆ ನಿಲ್ಲಿಸಿದಷ್ಟು ಜಾಗ. ಅಷ್ಟು ಜಾಗ ಖಾಲಿ ಕಂಡರೆ ನಮ್ಮ ರಸ್ತೆಯಲ್ಲಿ ಯಾರು ಬಿಡುತ್ತಾರೆ? ಎಡಗಡೆಯಿಂದ ಒಬ್ಬ ನುಗ್ಗುತ್ತಾನೆ. ನಿಮ್ಮ ಕಾರು ಬ್ರೇಕ್ ಹಾಕಿ ಮತ್ತೆ 56 ಮೀಟರ್ ಮಾಡಿಕೊಳ್ಳುತ್ತದೆ. ಮತ್ತೊಬ್ಬ ನುಗ್ಗುತ್ತಾನೆ. ನೆಲಮಂಗಲದಿಂದ ದಾಬಸ್‌ಪೇಟೆಯವರೆಗೆ ಸಂಜೆ ಹೊತ್ತು ಇದೇ ಕಥೆ. ಹಿಂದೆ ಬರುವವನಿಗೆ ನೀವು ಸುಮ್ಸುಮ್ನೆ ಬ್ರೇಕ್ ಹೊಡೆಯುವ ಹಾಗೆ ಕಾಣುತ್ತದೆ, ಹಾರ್ನ್ ನಿಮಗೇ. ಅಂತರವನ್ನು ತೀರಾ ಕಡಿಮೆಗೆ ಇಟ್ಟರೆ ನುಗ್ಗುವವರು ಕಡಿಮೆಯಾಗುತ್ತಾರೆ, ಆದರೆ ಆಮೇಲೆ ನಿಮಗೆ ಯೋಚಿಸಲು ಸಮಯವಿರುವುದಿಲ್ಲ. ಇಂಥ ಕಡೆ ನಾನು ಆಫ್ ಮಾಡಿಬಿಡುತ್ತೇನೆ. ಬಲ ಪಥದಲ್ಲೇ 60ರಲ್ಲಿ ಹೋಗುವ ಲಾರಿ ಹಿಂದೆ ಸಿಕ್ಕರಂತೂ ಕಾರು ಶಿಸ್ತಾಗಿ 60ರಲ್ಲೇ ಹಿಂಬಾಲಿಸುತ್ತದೆ. ಯಾಕೆ ಇಷ್ಟು ನಿಧಾನ ಹೋಗುತ್ತಿದ್ದೇವೆ ಅಂತ ಐದು ನಿಮಿಷ ಬಿಟ್ಟು ನೆನಪಾಗುತ್ತದೆ.

ಎಲ್ಲಕ್ಕಿಂತ ಮುಖ್ಯ ಇನ್ನೊಂದಿದೆ, ಇದನ್ನು ಶೋರೂಮಿನಲ್ಲಿ ಯಾರೂ ಹೇಳಲಿಲ್ಲ. ನಿಂತಿರುವ ಗಾಡಿ. ರಾಡಾರ್‌ಗೆ ಬೋರ್ಡು, ಸೇತುವೆ, ರಸ್ತೆ ಬದಿಯ ತಗಡು ಎಲ್ಲವೂ ಕಾಣುತ್ತವೆ. ನಿಂತ ವಸ್ತುಗಳಿಗೆಲ್ಲ ಬ್ರೇಕ್ ಹಾಕುತ್ತಾ ಹೋದರೆ ಕಾರು ಮುಂದೆ ಹೋಗಲಾರದು. ಅದಕ್ಕೇ ಜೋರಾಗಿ ಹೋಗುವಾಗ, ಮೊದಲಿನಿಂದಲೂ ನಿಂತಿರುವ ವಸ್ತುವನ್ನು ಎಷ್ಟೋ ವ್ಯವಸ್ಥೆಗಳು ಲೆಕ್ಕಕ್ಕೆ ತಗೊಳ್ಳುವುದಿಲ್ಲ, ಇಲ್ಲವೇ ತಡವಾಗಿ ತಗೊಳ್ಳುತ್ತವೆ. ಕ್ಯಾಮೆರಾ ಜೊತೆಗಿದ್ದರೆ ಪರವಾಗಿಲ್ಲ, ಆದರೂ ಕಾರಿನ ಕೈಪಿಡಿಗಳಲ್ಲಿ ಈ ಎಚ್ಚರಿಕೆ ಬರೆದಿರುತ್ತಾರೆ. ಈಗ ನಮ್ಮ ಹೆದ್ದಾರಿ ನೆನಪಿಸಿಕೊಳ್ಳಿ. ರಾತ್ರಿ ಟೈರ್ ಪಂಚರ್ ಆಗಿ, ಹಿಂದಿನ ಲೈಟಿಲ್ಲದೆ, ನಾಲ್ಕು ಕಲ್ಲು ಇಟ್ಟು ನಿಲ್ಲಿಸಿದ ಲಾರಿ. ಅಡಾಪ್ಟಿವ್ ಕ್ರೂಸ್ ನಂಬಬಾರದ ಜಾಗ ಅದೇ. ಕತ್ತಲಾದ ಮೇಲೆ ನನ್ನ ಕಾರಿನಲ್ಲಿ ಅದನ್ನು ನಾನು ಆನ್ ಮಾಡುವುದೇ ಇಲ್ಲ.

ತಿರುವಿನಲ್ಲಿ ಮುಂದಿನ ಗಾಡಿ ರಾಡಾರಿನ ದಾರಿಯಿಂದ ತಪ್ಪಿಸಿಕೊಂಡರೆ ಕಾರು ರಸ್ತೆ ಖಾಲಿ ಅಂದುಕೊಂಡು ವೇಗ ಏರಿಸಬಹುದು. ಪಥದ ಅಂಚಿನಲ್ಲಿ ಹೋಗುವ ಬೈಕ್ ತಡವಾಗಿ ಕಾಣಬಹುದು. ಸಕಲೇಶಪುರದ ಮಂಜಿನಲ್ಲಿ ಕ್ಯಾಮೆರಾ ಕೈ ಚೆಲ್ಲುತ್ತದೆ. ಮೂತಿಗೆ ಕೆಸರು ಮೆತ್ತಿಕೊಂಡರೆ ರಾಡಾರೂ ಅಷ್ಟೇ, ಡ್ಯಾಶ್‌ಬೋರ್ಡಿನಲ್ಲಿ ದೂರು ಕೊಟ್ಟು ಸುಮ್ಮನಾಗುತ್ತದೆ. ಜೋರು ಮಳೆಯಲ್ಲಿ ಯಾವ ಕ್ರೂಸೂ ಬೇಡ. ರಸ್ತೆ ಮೇಲೆ ನಿಂತ ನೀರಿನಲ್ಲಿ ಟೈರ್ ತೇಲಿದಾಗ ಕಾಲು ಮೊದಲು ಆಕ್ಸಿಲರೇಟರ್ ಬಿಡಬೇಕು. ಆ ಪೆಡಲ್ ನಿಮ್ಮ ಕಾಲಿನಡಿ ಇರಲಿ.

ರಿಪೇರಿ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಮುಂದಿನ ಗಾಜು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಅಳತೆಗೆ ಕೂರಿಸಬೇಕು. ಮುಂದಿನ ಬಂಪರ್‌ಗೆ ಸಣ್ಣ ಪೆಟ್ಟು ಬಿದ್ದರೂ ರಾಡಾರ್ ಸರಿಯಾಗಿ ನೋಡುತ್ತಿದೆಯಾ ಅಂತ ಪರೀಕ್ಷೆ ಮಾಡಿಸಬೇಕು. ಬೀದಿಯ ಗ್ಯಾರೇಜಿನಲ್ಲಿ ಆಗುವ ಕೆಲಸ ಅಲ್ಲ.

ಇಷ್ಟೆಲ್ಲ ಬೈದ ಮೇಲೂ ಒಂದು ಒಪ್ಪಿಕೊಳ್ಳುತ್ತೇನೆ. ಭಾನುವಾರ ಸಂಜೆ ಮೈಸೂರಿನಿಂದ ವಾಪಸ್ ಬರುವಾಗ, ಎಲ್ಲ ಗಾಡಿಗಳೂ 60, 80, 50, 70 ಅಂತ ಅಲೆ ಅಲೆಯಾಗಿ ಹೋಗುವಾಗ, ಅಡಾಪ್ಟಿವ್ ಕೊಡುವ ನೆಮ್ಮದಿ ಸಾದಾದಲ್ಲಿ ಇಲ್ಲವೇ ಇಲ್ಲ. ಸಾದಾ ಕ್ರೂಸ್ ಅಲ್ಲಿ ಪ್ರತಿ ನಿಮಿಷಕ್ಕೂ ಆಫ್ ಆಗುತ್ತದೆ, ಬಟನ್ ಒತ್ತಿ ಒತ್ತಿ ಸಾಕಾಗುತ್ತದೆ.

ಮ್ಯಾನ್ಯುಯಲ್ಲಾ, ಆಟೋಮ್ಯಾಟಿಕ್ಕಾ

ಅಡಾಪ್ಟಿವ್‌ನ ಪೂರ್ತಿ ಲಾಭ ಆಟೋಮ್ಯಾಟಿಕ್‌ನಲ್ಲೇ. ಸ್ಟಾಪ್ ಆಂಡ್ ಗೋ ಇದ್ದರೆ ಮುಂದಿನ ಗಾಡಿ ನಿಂತಾಗ ನಿಂತು, ಹೊರಟಾಗ ಹೊರಡುತ್ತದೆ. ಹೆಬ್ಬಾಳದ ಜಾಮಿನಲ್ಲಿ ದಿನಾ ಒಂದು ಗಂಟೆ ಕೂರುವವರಿಗೆ ಇದರ ಮೇಲೆ ಆಸೆಯಾದರೆ ತಪ್ಪಲ್ಲ. ಆದರೆ ಅದೇ ಜಾಮಿನಲ್ಲಿ ಬಂಪರಿಗೆ ಒಂದಡಿ ದೂರದಲ್ಲಿ ಸ್ಕೂಟರ್ ತೂರಿಬರುತ್ತದೆ, ಕಾಲು ಬ್ರೇಕ್ ಬಿಟ್ಟಿರಬಾರದು. ಮ್ಯಾನ್ಯುಯಲ್‌ನಲ್ಲೂ ಅಡಾಪ್ಟಿವ್ ಸಿಗುತ್ತದೆ, 2023ರ ಹೋಂಡಾ ಸಿಟಿಯಲ್ಲಿ ಕೊಟ್ಟರು. ಆದರೆ ಕಾರು ನಿಧಾನವಾದಂತೆ ಗೇರ್ ಇಳಿಸುವುದು ನೀವೇ, ತೀರಾ ನಿಧಾನವಾದರೆ ಅದು ಕೈಬಿಡುತ್ತದೆ.

ಹಳೆ ಕಾರಿಗೆ ಹೊರಗಿನ ಕಿಟ್ ಹಾಕಿಸುವುದು ಇನ್ನೊಂದು ದಾರಿ. ಕೆಲವು ಕಾರುಗಳ ಇಸಿಯುನಲ್ಲಿ ಕ್ರೂಸ್ ಮೊದಲೇ ಇರುತ್ತದೆ, ಕೆಳಗಿನ ಮಾಡೆಲ್ ಆದ್ದರಿಂದ ಬಟನ್ ಮಾತ್ರ ಕೊಟ್ಟಿರುವುದಿಲ್ಲ. ಅಂಥದಕ್ಕೆ ಕಂಪನಿಯದೇ ಸ್ವಿಚ್ ಹಾಕಿಸಿದರೆ ಚೆನ್ನಾಗಿ ನಡೆಯುತ್ತದೆ. ಆಕ್ಸಿಲರೇಟರ್ ವೈರಿನ ಮಧ್ಯೆ ಪೆಟ್ಟಿಗೆ ಸೇರಿಸುವ ಕಿಟ್ ಮಾತ್ರ ನನಗೆ ಬೇಡ. ಗೆಳೆಯನ ಕಾರಿಗೆ ಹಾಕಿಸಿದ್ದರು. ಬ್ರೇಕ್ ಸ್ವಿಚ್ಚಿನ ವೈರ್ ಸಡಿಲವಾಗಿ, ಬ್ರೇಕ್ ಒತ್ತಿದರೂ ಎಂಜಿನ್ ಅರೆಕ್ಷಣ ಎಳೆಯುತ್ತಲೇ ಇತ್ತು. ಅವತ್ತೇ ಬಿಚ್ಚಿಸಿದ. ವಾರಂಟಿ ಪ್ರಶ್ನೆಯೂ ಬರುತ್ತದೆ.

ಬೈಕಿನಲ್ಲೂ ಕ್ರೂಸ್ ಬಂದಿದೆ. ಟಿವಿಎಸ್ ಅಪಾಚೆ ಆರ್‌ಟಿಆರ್ 310ರಲ್ಲಿ 2023ರಿಂದ ಇದೆ. ಲಾಂಗ್ ರೈಡ್ ಹೋಗುವವರ ಮಣಿಕಟ್ಟಿಗೆ ಒಳ್ಳೆಯದು. ಹಂಪ್ ಇರುವ ರಸ್ತೆಯಲ್ಲಿ ಬೇಡ.

ಕೊನೆಗೆ ಭಾವ ಏನು ಮಾಡಿದರು

ಅವರದು ದಾವಣಗೆರೆ–ಬೆಂಗಳೂರು ತಿಂಗಳಿಗೆ ಎರಡು ಸಲ, ಉಳಿದಂತೆ ಹರಿಹರ, ಹೊನ್ನಾಳಿ ಕಡೆ ಹಳ್ಳಿ ರಸ್ತೆ. ಮ್ಯಾನ್ಯುಯಲ್ ಗೇರ್ ಬಿಡಲಾರರು. ಹೊರಡುವುದು ಬೆಳಗಿನ ಜಾವ, ರಸ್ತೆ ಖಾಲಿ. "ಭಾವ, ನಿಮಗೆ ಸಾದಾದೇ ಸಾಕು, ಉಳಿದ ದುಡ್ಡಲ್ಲಿ ಆರು ಏರ್‌ಬ್ಯಾಗ್ ಇರುವ ಮಾಡೆಲ್ ಇದೆಯಾ ನೋಡಿ, ಒಳ್ಳೆ ಟೈರ್ ಹಾಕಿಸಿ" ಅಂದೆ. ಅವರ ಜಾಗದಲ್ಲಿ ವಾರಕ್ಕೊಮ್ಮೆ ಮೈಸೂರು ಹೆದ್ದಾರಿ ಹಿಡಿಯುವ, ಆಟೋಮ್ಯಾಟಿಕ್ ಓಡಿಸುವ ನನ್ನ ತಂಗಿ ಇದ್ದಿದ್ದರೆ ಅಡಾಪ್ಟಿವ್ ತಗೋ ಅನ್ನುತ್ತಿದ್ದೆ. ಬೆಂಗಳೂರು ಬಿಟ್ಟು ಹೊರಗೆ ಹೋಗುವುದೇ ವರ್ಷಕ್ಕೆ ಎರಡು ಸಲ ಅನ್ನುವವರು ಎರಡಕ್ಕೂ ದುಡ್ಡು ಕೊಡಬೇಕಿಲ್ಲ, ಲಿಮಿಟರ್ ಇದೆಯಾ ಅಂತ ಕೇಳಿದರೆ ಸಾಕು.

ಅಮೆರಿಕದಿಂದ ಬಂದ ನೆಂಟರು "ಅಲ್ಲಿ ಎಲ್ಲಾ ಕ್ರೂಸ್ ಹಾಕ್ಕೊಂಡೇ ಹೋಗೋದು" ಅನ್ನುತ್ತಾರೆ. ನಿಜವೇ. ಅಲ್ಲಿನ ಹೆದ್ದಾರಿಯಲ್ಲಿ ಎಮ್ಮೆ ಅಡ್ಡ ಬರುವುದಿಲ್ಲ.

ಭಾವ ಸಾದಾ ಮಾಡೆಲ್ಲೇ ತಗೊಂಡರು. ಮೊದಲ ವಾರವೇ ಮತ್ತೆ ಫೋನು. "ಈ ರೆಸ್ ಅನ್ನೋ ಬಟನ್ ಏನಪ್ಪ? ಒತ್ತಿದ್ರೆ ಗಾಡಿ ಹಾರ್ಕಂಡು ಹೋತು!" ಅಂದರು. ಟೋಲ್‌ನಿಂದ ಹೊರಟು 45ರಲ್ಲಿ ಇದ್ದಾಗ ಒತ್ತಿದ್ದರು. ಅರ್ಧ ಗಂಟೆ ಹಿಂದೆ 95ಕ್ಕೆ ಸೆಟ್ ಮಾಡಿದ್ದು ಕಾರಿಗೆ ನೆನಪಿತ್ತು, ಅವರಿಗೆ ಮರೆತಿತ್ತು. ಹಳೆಯ ವೇಗಕ್ಕೆ ವಾಪಸ್ ಹೋಗು ಅಂತ ಹೇಳುವ ಬಟನ್ ಅದು. ಈಗ ಅವರು ಅದನ್ನು ಮುಟ್ಟುವುದಿಲ್ಲ. ಕಾಲಿನಿಂದಲೇ ಬೇಕಾದ ವೇಗಕ್ಕೆ ತಂದು, ಆಮೇಲೆ ಸೆಟ್ ಒತ್ತುತ್ತಾರೆ. ನಾನೂ ಹಾಗೇ ಮಾಡುವುದು.